ನಿಮಗಿದು ಗೊತ್ತೇ? ಕೋವಿಯ ನಳಿಗೆ ಬದಲಿಸುವ ಮುನ್ನ

ತುಮಕೂರು, ಗುಬ್ಬಿ, ಕುಣಿಗಲ್ ಕಡೆ ತಾತನ ಕಾಲದ ಲೈಸನ್ಸಿನ ಕೋವಿ ಇಟ್ಟುಕೊಂಡ ಮನೆಗಳು ಇಂದಿಗೂ ಇವೆ. ಕೆಲವರದು ಬೆಳೆ ಕಾಯುವ ಕೇಪಿನ ಕೋವಿ, ಕೆಲವರದು ಜೋಡುನಳಿಗೆ, ಅಪರೂಪಕ್ಕೊಂದು .315 ರೈಫಲ್. ‘ಗುರಿ ನಿಲ್ಲುತ್ತಿಲ್ಲ, ಕಡಿಮೆ ಖರ್ಚಿನಲ್ಲಿ ಒಳ್ಳೆಯ ನಳಿಗೆ ಹಾಕಿಸಬೇಕು’ ಎನ್ನುವವರು ಮೊದಲು ಇಷ್ಟನ್ನು ಓದಿಕೊಳ್ಳಲಿ.

● ಗುರಿ ತಪ್ಪಿದಾಗಲೆಲ್ಲ ನಳಿಗೆಯದೇ ತಪ್ಪಲ್ಲ. ಕೋವಿ ಖಾಲಿಯಿದೆಯೆಂದು ಎರಡೆರಡು ಸಲ ಖಾತ್ರಿ ಮಾಡಿಕೊಂಡು, ಮೊದಲು ಮರದ ಹಿಡಿಯನ್ನು ಬಿಗಿದಿಟ್ಟಿರುವ ತಿರುಪುಗಳನ್ನು ನೋಡಿ. ಮಳೆಗೆ ಮರ ಹಿಗ್ಗುತ್ತದೆ, ಬೇಸಿಗೆಗೆ ಕುಗ್ಗುತ್ತದೆ, ತಿರುಪು ಸಡಿಲವಾಗುತ್ತದೆ. ಆಮೇಲೆ ಗುರಿಕಣ್ಣು ಅಲುಗುತ್ತಿದೆಯೇ ನೋಡಿ. ದುರ್ಬೀನು ಇದ್ದರೆ ಅದರ ಪಟ್ಟಿಗಳನ್ನೂ ಬಿಡಬೇಡಿ. ಇವೆಲ್ಲ ಸರಿಯಿದ್ದರೆ ಒಳಗಿನ ಕೊಳೆ. ತಾಮ್ರದ ಕವಚವಿರುವ ಗುಂಡುಗಳು ನಳಿಗೆಯೊಳಗೆ ತೆಳುವಾಗಿ ತಾಮ್ರ ಬಳಿದು ಹೋಗುತ್ತವೆ. ವರ್ಷಗಟ್ಟಲೆ ತೆಗೆಯದೆ ಬಿಟ್ಟರೆ ಒಳ್ಳೆಯ ನಳಿಗೆಯೂ ಹಳೆಯದರಂತೆ ಚದುರಿಸುತ್ತದೆ. ಬೇರೆ ತಯಾರಿಕೆಯ ತೋಟಾ ಹಾಕಿದ ಮಾತ್ರಕ್ಕೆ ಸರಿಹೋದ ರೈಫಲ್‌ಗಳೂ ಇವೆ. ಇಷ್ಟನ್ನೂ ಮಾಡಿ ನೋಡದೆ ಹೊಸ ನಳಿಗೆಗೆ ದುಡ್ಡು ಕೊಡುವುದು ದಂಡ.

● ನಳಿಗೆಯ ತುದಿಬಾಯಿಯ ಒಂದು ಸಣ್ಣ ಕಚ್ಚು ಗುರಿಯನ್ನೇ ಕೆಡಿಸಬಲ್ಲದು. ಗುಂಡು ಹೊರಬೀಳುವ ಕೊನೆಯ ಗಳಿಗೆಯಲ್ಲಿ ಹಿಂದಿನ ಅನಿಲ ಸುತ್ತಲೂ ಒಂದೇ ಸಮ ನುಗ್ಗಬೇಕು. ಬಾಯಿಯ ಒಂದು ಕಡೆ ಜಜ್ಜಿದ್ದರೆ ಅದು ಆ ಕಡೆಯಿಂದ ಮೊದಲು ನುಗ್ಗಿ ಗುಂಡನ್ನು ಓರೆ ಮಾಡುತ್ತದೆ. ಶುಚಿ ಮಾಡುವ ಕಬ್ಬಿಣದ ಸರಳನ್ನು ಬಾಯಿಯ ಕಡೆಯಿಂದ ತುರುಕಿ ಉಜ್ಜುವ ಅಭ್ಯಾಸವೇ ಎಷ್ಟೋ ಸಲ ಇದಕ್ಕೆ ಕಾರಣ. ಲೈಸನ್ಸ್ ಇರುವ ಕೋವಿ ರಿಪೇರಿಯವರು ಬಾಯಿಯನ್ನಷ್ಟೇ ಹದ ಮಾಡಿಕೊಟ್ಟರೆ ಹಳೆಯ ನಳಿಗೆ ಮತ್ತೆ ಗುರಿಗೆ ಬರುವುದುಂಟು.

● ರೈಫಲ್ ನಳಿಗೆ ಮೊದಲು ಸವೆಯುವುದು ಬಾಯಿಯ ಕಡೆಯಲ್ಲ, ತೋಟಾ ಕೂರುವ ಗೂಡಿನ ಮುಂದಿನ ಗಂಟಲಲ್ಲಿ. ಉರಿಯುವ ಮದ್ದಿನ ಕಾವು ಬಡಿಯುವುದು ಅಲ್ಲಿಯೇ. ಆದರೆ ವರ್ಷಕ್ಕೆ ನಾಲ್ಕಾರು ಗುಂಡು ಹಾರಿಸುವ ಮನೆಯ ಕೋವಿಯನ್ನು ಗುಂಡು ತಿನ್ನುವುದಿಲ್ಲ, ತುಕ್ಕು ತಿನ್ನುತ್ತದೆ.

● ಚುನಾವಣೆ ಬಂತೆಂದರೆ ಲೈಸನ್ಸಿನ ಕೋವಿಗಳನ್ನು ಠಾಣೆಗೆ ಜಮೆ ಮಾಡಬೇಕಾಗುತ್ತದೆ. ಒಳಗೆ ಎಣ್ಣೆ ಸವರದೆ ಕೊಟ್ಟ ಕೋವಿ ವಾರಗಟ್ಟಲೆ ಅಲ್ಲಿದ್ದು ವಾಪಸು ಬರುವಾಗ ಒಳಗೆಲ್ಲ ಕೆಂಪಾಗಿರಬಹುದು. ಜಮೆಗೆ ಮುಂಚಿನ ಹತ್ತು ನಿಮಿಷದ ಆರೈಕೆ ನಳಿಗೆಯನ್ನು ಉಳಿಸುತ್ತದೆ.

● ಹಳೆಯ ಸೇನಾ ತೋಟಾಗಳ ಕೇಪಿನಲ್ಲಿ ಪೊಟ್ಯಾಸಿಯಂ ಕ್ಲೋರೇಟ್ ಇರುತ್ತಿತ್ತು. ಅದು ಉರಿದ ಮೇಲೆ ಉಳಿಯುವುದು ಒಂದು ಬಗೆಯ ಉಪ್ಪು. ಈ ಉಪ್ಪು ಗಾಳಿಯ ತೇವ ಹೀರಿ ಉಕ್ಕನ್ನು ತಿನ್ನುತ್ತದೆ. ಎಣ್ಣೆಗೆ ಕರಗದ ಅದು ನೀರಿಗೆ ಕರಗುತ್ತದೆ. ಹಿಂದಿನವರು ಬಿಸಿನೀರು ಹೊಯ್ದು ನಳಿಗೆ ತೊಳೆದು, ಒಣಗಿಸಿ, ಆಮೇಲೆ ಎಣ್ಣೆ ಹಚ್ಚುತ್ತಿದ್ದರಲ್ಲ, ಕಾರಣ ಇದೇ.

● ರೈಫಲ್ ನಳಿಗೆಯೊಳಗೆ ಸುರುಳಿಯಾಗಿ ಕೊರೆದ ಗೀರುಗಳಿರುತ್ತವೆ. 10 ಅಂಗುಲಕ್ಕೆ ಒಂದು ಸುತ್ತು ಇರುವ ನಳಿಗೆಯಿಂದ ಸೆಕೆಂಡಿಗೆ 2,700 ಅಡಿ ವೇಗದಲ್ಲಿ ಹೊರಬೀಳುವ ಗುಂಡು ಒಂದು ಸೆಕೆಂಡಿಗೆ ಎಷ್ಟು ಸಲ ಗಿರಗಿರನೆ ತಿರುಗುತ್ತದೆ ಗೊತ್ತೇ? 3,240 ಸಲ!

● ಆ ಸುತ್ತಿನ ಲೆಕ್ಕವೇ ನಳಿಗೆ ಆರಿಸುವಾಗ ಮೊದಲು ಕೇಳಬೇಕಾದ ಸಂಗತಿ. ಉದ್ದನೆಯ ಗುಂಡಿಗೆ ಬೇಗ ತಿರುಗಿಸುವ ಸುರುಳಿ ಬೇಕು, ಗಿಡ್ಡ ಗುಂಡಿಗೆ ನಿಧಾನದ್ದು ಸಾಕು. .22 ರೈಫಲ್‌ಗೆ ಸಾಮಾನ್ಯವಾಗಿ 16 ಅಂಗುಲಕ್ಕೊಂದು ಸುತ್ತು, .30-06ಕ್ಕೆ 10 ಅಂಗುಲಕ್ಕೊಂದು. ಇದಕ್ಕೆ ಸೂತ್ರ ಕಟ್ಟಿಕೊಟ್ಟವರು ಇಂಗ್ಲೆಂಡಿನ ಗಣಿತಜ್ಞ ಆಲ್ಫ್ರೆಡ್ ಜಾರ್ಜ್ ಗ್ರೀನ್‌ಹಿಲ್, 1879ರಲ್ಲಿ. ನೀವು ಹಾರಿಸುವ ಗುಂಡಿಗೆ ಹೊಂದದ ಸುರುಳಿಯಿದ್ದರೆ ಎಷ್ಟು ದುಬಾರಿ ನಳಿಗೆಯೂ ಗುರಿ ಕೊಡದು.

● ಉದ್ದ ಹೆಚ್ಚಿದರೆ ಗುರಿ ಹೆಚ್ಚುತ್ತದೆ ಎಂಬುದು ತಪ್ಪು ನಂಬಿಕೆ. ಉದ್ದ ಕೊಡುವುದು ಮುಖ್ಯವಾಗಿ ವೇಗ. .22ರ ಪುಟ್ಟ ತೋಟಾದ ಮದ್ದು ಸುಮಾರು 16 ಅಂಗುಲದಲ್ಲೇ ತನ್ನ ಕೆಲಸ ಮುಗಿಸಿಬಿಡುತ್ತದೆ. ಗುರಿಗೆ ಬೇಕಾದದ್ದು ಬಗ್ಗದ, ಕಂಪಿಸದ ನಳಿಗೆ. ಉಕ್ಕಿನ ಸರಳಿನ ಬಿಗುವು ಅದರ ವ್ಯಾಸದ ನಾಲ್ಕನೇ ಘಾತಕ್ಕೆ ತಕ್ಕಂತೆ ಏರುತ್ತದೆ: ಶೇ. 10ರಷ್ಟು ದಪ್ಪವಾದರೆ ಬಿಗುವು ಸುಮಾರು ಒಂದೂವರೆ ಪಟ್ಟು. ಹಾಗಾಗಿ ದುಡ್ಡು ಕಡಿಮೆಯಿದ್ದವರು ಉದ್ದದ ನಳಿಗೆಗಿಂತ ಕೊಂಚ ಗಿಡ್ಡ, ಕೊಂಚ ದಪ್ಪ ನಳಿಗೆಯನ್ನು ಒಪ್ಪಿಕೊಂಡರೆ ಲಾಭವೇ.

● ಕುದುರೆ ಫಾರಂಗೆ ಹೆಸರಾದ ಕುಣಿಗಲ್ಲಿನವರಿಗೆ ಇದು ಇಷ್ಟವಾಗಬಹುದು: ‘ಕಾರ್ಬೈನ್’ ಎಂಬ ಗಿಡ್ಡನಳಿಗೆ ಕೋವಿ ಹುಟ್ಟಿದ್ದೇ ಕುದುರೆ ಸವಾರರಿಗಾಗಿ. ತಡಿಯ ಮೇಲೆ ಕೂತು ಉದ್ದ ಕೋವಿ ಆಡಿಸಲಾಗದು.

● ಆದರೆ ಗಿಡ್ಡ ಮಾಡುವ ಆಸೆಗೆ ನೀವೇ ಗರಗಸ ಹಿಡಿಯಬೇಡಿ. 1959ರ ಶಸ್ತ್ರಾಸ್ತ್ರ ಕಾಯ್ದೆಯ 6ನೇ ಕಲಂ ಪ್ರಕಾರ ಪರವಾನಗಿಯಿಲ್ಲದೆ ನಳಿಗೆ ಕತ್ತರಿಸುವುದೇ ಅಪರಾಧ. ರಕ್ಷಣೆಗೋ ಕ್ರೀಡೆಗೋ ಕೊಡುವ ಗೀರಿಲ್ಲದ ಕೋವಿಯ ನಳಿಗೆ 20 ಅಂಗುಲಕ್ಕಿಂತ ಕಡಿಮೆ ಇರಬಾರದೆಂದು 13ನೇ ಕಲಂ ಹೇಳುತ್ತದೆ. ಬೆಳೆ ಕಾವಲಿಗೆ ಕಾನೂನು ಮೊದಲು ನೆನೆಯುವುದು ಬಾಯಿಯಿಂದ ಮದ್ದು ತುಂಬುವ ಕೋವಿಯನ್ನು. ಅದು ಸಾಲದೆಂದು ಅಧಿಕಾರಿಗೆ ಮನವರಿಕೆಯಾದರೆ ಮಾತ್ರ ಬೇರೆ ಬಗೆಯದು.

● ಬಿಡಿ ನಳಿಗೆಯೂ ಕಾನೂನಿನ ಕಣ್ಣಿನಲ್ಲಿ ಶಸ್ತ್ರಾಸ್ತ್ರವೇ. ಕಾಯ್ದೆ ಕೊಡುವ ಅರ್ಥದಲ್ಲಿ ಬಿಡಿಭಾಗಗಳೂ ಸೇರಿವೆ. ಹೊರದೇಶದಿಂದ ಅಗ್ಗಕ್ಕೆ ಸಿಗುತ್ತದೆಂದು ಪಾರ್ಸೆಲ್ ತರಿಸಿದರೆ ಅದು ಅಕ್ರಮ ಆಮದು. ತುಮಕೂರು ಜಿಲ್ಲೆಯಲ್ಲಿ ಲೈಸನ್ಸ್ ಕೊಡುವವರು ಜಿಲ್ಲಾ ದಂಡಾಧಿಕಾರಿಯೂ ಆದ ಜಿಲ್ಲಾಧಿಕಾರಿ. ನಳಿಗೆ ಬದಲಿಸುವ ಮಾತು ಶುರುವಾಗಬೇಕಾದದ್ದು ಅವರ ಕಚೇರಿಯ ಶಸ್ತ್ರಾಸ್ತ್ರ ಶಾಖೆಯಿಂದ. ಕೊಡಗಿನಲ್ಲಿ ಕೊಡವರಿಗೆ, ಜಮ್ಮಾ ಹಿಡುವಳಿದಾರರಿಗೆ ಲೈಸನ್ಸಿನಿಂದ ವಿನಾಯಿತಿಯಿದೆ. ನಮ್ಮ ಜಿಲ್ಲೆಗೆ ಅದಿಲ್ಲ.

● ತುಮಕೂರಿಗೆ ಲೋಹದ ಕೆಲಸ ಹೊಸದಲ್ಲ. ಎಚ್‌ಎಂಟಿ ಇಲ್ಲಿ ಕೈಗಡಿಯಾರ ಮಾಡಿತ್ತು, ವಸಂತನರಸಾಪುರದಲ್ಲಿ ಮೆಷಿನ್ ಟೂಲ್ ಪಾರ್ಕ್ ಇದೆ, ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರುವರಿ 6ರಂದು ಉದ್ಘಾಟನೆಯಾಯಿತು. ಕೂದಲೆಳೆಯ ಅಳತೆ ಹಿಡಿಯುವ ಲೇತ್ ಕೆಲಸಗಾರರಿಗೆ ಕೊರತೆಯಿಲ್ಲ. ಆದರೂ ಪರಿಚಯದ ಲೇತ್ ಅಂಗಡಿಗೆ ಕೋವಿ ಒಯ್ಯಬೇಡಿ. ಲೈಸನ್ಸಿಲ್ಲದೆ ಕೋವಿ ತಯಾರಿಸುವುದಷ್ಟೇ ಅಲ್ಲ, ರಿಪೇರಿಯೂ ಅಪರಾಧ. 2019ರ ತಿದ್ದುಪಡಿಯ ನಂತರ ಅದಕ್ಕೆ ಕನಿಷ್ಠ 7 ವರ್ಷ ಸೆರೆ, ಗರಿಷ್ಠ ಜೀವಾವಧಿ. ನಿಮ್ಮ ಉಳಿತಾಯಕ್ಕೆ ಒಬ್ಬ ಒಳ್ಳೆಯ ಕೆಲಸಗಾರನ ಬದುಕನ್ನು ಪಣಕ್ಕಿಡುವುದು ಅನ್ಯಾಯ.

● ಇನ್ನೂರು ವರ್ಷ ಹಿಂದೆ ಹೋಗೋಣ. ಟಿಪ್ಪು ಸುಲ್ತಾನ್ ಮಡಿದ ಮರುವರ್ಷ, 1800ರಲ್ಲಿ, ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ನಮ್ಮ ಕಡೆಯ ಕಬ್ಬಿಣವನ್ನು ಬಲು ವಿವರವಾಗಿ ಬರೆದಿಟ್ಟ. ಮಧುಗಿರಿ, ಚನ್ನರಾಯನದುರ್ಗದ ಕಡೆ ಮಳೆಗಾಲದ ಹಳ್ಳಗಳು ಬಂಡೆಗಳಿಂದ ಇಳಿಸಿ ತರುವ ಕರಿಮರಳನ್ನು ಕರಗಿಸುತ್ತಿದ್ದರು. ಹಾಗಲವಾಡಿ ಸೀಮೆಯವರಿಗೆ ಮೂಗನಾಯಕನಕೋಟೆ ಬಳಿಯ ಗುಡ್ಡದ ಅದಿರು ಸಿಗುತ್ತಿತ್ತು. ಎರಡೂ ಊರು ಇಂದು ಗುಬ್ಬಿ ತಾಲ್ಲೂಕಿನವು. ಆ ಕಬ್ಬಿಣದ ತುಂಡನ್ನು ಮಣ್ಣಿನ ಮೂಸೆಯಲ್ಲಿಟ್ಟು, ಜೊತೆಗೆ ತಂಗಡಿ ಗಿಡದ ಕಡ್ಡಿ ಮತ್ತು ಹಸಿ ಎಲೆ ಹಾಕಿ, ಬಾಯಿ ಮುಚ್ಚಿ ಕಾಯಿಸಿದರೆ ಕಡ್ಡಿಯ ಇಂಗಾಲ ಕಬ್ಬಿಣಕ್ಕೆ ಸೇರಿ ಉಕ್ಕಾಗುತ್ತಿತ್ತು. ರಸ್ತೆ ಬದಿಯಲ್ಲಿ ಹಳದಿ ಹೂ ಬಿಡುವ ಅದೇ ತಂಗಡಿ! ಇಂದಿನ ನಳಿಗೆಗೆ ಬಳಸುವ ಕ್ರೋಮಿಯಂ–ಮಾಲಿಬ್ಡಿನಂ ಉಕ್ಕು ಬೇರೆಯದೇ ಆದರೂ, ಇಂಗಾಲದ ಹದವೇ ಉಕ್ಕಿನ ಜೀವ ಎಂಬುದನ್ನು ಆ ಕುಲುಮೆಯವರು ಕೈಯಾರೆ ಬಲ್ಲವರಾಗಿದ್ದರು. ನಮ್ಮ ಶಾಲೆಯ ಮಕ್ಕಳಿಗೆ ಇದನ್ನು ಮೂಗನಾಯಕನಕೋಟೆಗೇ ಕರೆದುಕೊಂಡು ಹೋಗಿ ಹೇಳಬೇಕು.

● ‘12 ಬೋರ್’ ಎಂದರೇನು? ಒಂದು ಪೌಂಡ್ ಸೀಸದಲ್ಲಿ ಒಂದೇ ಅಳತೆಯ 12 ಉಂಡೆ ಮಾಡಿದರೆ ಒಂದೊಂದರ ವ್ಯಾಸ ಎಷ್ಟೋ ಅಷ್ಟು: ಸುಮಾರು 18.5 ಮಿ.ಮೀ.

● ಭಾರತದಲ್ಲಿ ನಾಗರಿಕರ ಕೈಗೆ .315 ರೈಫಲ್ ಬಂದದ್ದೇಕೆ? ಸೇನೆಯ .303 ಗುಂಡು ಸಾಮಾನ್ಯರಿಗೆ ನಿಷಿದ್ಧ. ಹಾಗಾಗಿ ಇಚ್ಛಾಪುರದ ರೈಫಲ್ ಫ್ಯಾಕ್ಟರಿ ಹೆಚ್ಚುಕಡಿಮೆ ಅದೇ ಲೀ–ಎನ್‌ಫೀಲ್ಡ್ ಯಂತ್ರಕ್ಕೆ ಬೇರೆ ಅಳತೆಯ ನಳಿಗೆ ಜೋಡಿಸಿ ಮಾರಿತು. ‘ಹೊಂದುತ್ತದೆ’ ಎಂದು ಯಾರಾದರೂ ಹಳೆಯ .303 ನಳಿಗೆ ತೋರಿಸಿದರೆ ಮುಟ್ಟಲೂ ಬೇಡಿ. ಆ ಕಾರ್ಖಾನೆ 2021ರ ಅಕ್ಟೋಬರ್ 1ರಿಂದ ಕಾನ್ಪುರದಲ್ಲಿ ಕೇಂದ್ರ ಕಚೇರಿಯಿರುವ ಸರ್ಕಾರಿ ಕಂಪನಿಯೊಂದರ ಭಾಗ.

● ನಳಿಗೆ ಒಳ್ಳೆಯದಿದ್ದು ಕೂರಿಸುವ ಕೈ ಕೆಟ್ಟದಿದ್ದರೆ ಅಪಾಯ. ಬೋಲ್ಟಿನ ಮುಖಕ್ಕೂ ಕೂತ ತೋಟಾಕ್ಕೂ ನಡುವಿನ ಜಾಗ ಅಳತೆ ಮೀರಿದರೆ ಹಿತ್ತಾಳೆಯ ತೋಟಾ ಬಿರಿದು ಬಿಸಿ ಅನಿಲ ಹಾರಿಸುವವರ ಮುಖದತ್ತ ನುಗ್ಗಬಹುದು. ಇದನ್ನು ಕಣ್ಣಂದಾಜಿನಲ್ಲಿ ನೋಡಲಾಗದು, ಅದಕ್ಕೆಂದೇ ಮಾಡಿದ ಅಳತೆಗಟ್ಟಿಗಳು ಬೇಕು. ಉಳಿಸುವುದಿದ್ದರೆ ಹೊಳಪಿನಲ್ಲಿ, ಕೆತ್ತನೆಯಲ್ಲಿ, ಬಣ್ಣದಲ್ಲಿ ಉಳಿಸಿ. ಕೂರಿಸುವ ಕೂಲಿಯಲ್ಲಿ ಮಾತ್ರ ಚೌಕಾಸಿ ಬೇಡ.

● ಗುರಿಯ ರುಚಿಯಷ್ಟೇ ಬೇಕೆನ್ನುವವರಿಗೆ ಏರ್ ರೈಫಲ್ ಇದೆ. 0.177 ಅಂಗುಲ ಮೀರದ, 20 ಜೂಲ್ ಒಳಗಿನ ಶಕ್ತಿಯದಕ್ಕೆ ಲೈಸನ್ಸ್ ಬೇಡ. ಒಲಿಂಪಿಕ್ಸ್‌ನ 10 ಮೀಟರ್ ಏರ್ ರೈಫಲ್ ಹಲಗೆಯ ನಟ್ಟನಡುವಿನ ಹತ್ತು ಅಂಕದ ಚುಕ್ಕೆ ಅರ್ಧ ಮಿಲಿಮೀಟರ್ ಮಾತ್ರ. 2008ರಲ್ಲಿ ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದು ಇದರಲ್ಲೇ. ಆಳರಂಧ್ರ ಕೊರೆಯುವ ಯಂತ್ರಗಳಿಗೆ ಹೆಸರಾದ ಮಹಾರಾಷ್ಟ್ರದ ಪ್ರಿಸಿಹೋಲ್ ಈಗ ಏರ್ ರೈಫಲ್‌ಗಳನ್ನೂ ಮಾಡುತ್ತಿದೆ.

● ‘ಬೇಟೆ ರೈಫಲ್’ ಎಂಬ ಹೆಸರು ಉಳಿದಿದೆ, ಬೇಟೆ ಉಳಿದಿಲ್ಲ. ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದದ್ದು 1972ರಲ್ಲಿ. ಕಾಡುಹಂದಿ ರಾಗಿ, ಕಡಲೆಕಾಯಿ ಹೊಲ ಉತ್ತರೆ ರೈತನ ಸಂಕಟ ಸಣ್ಣದಲ್ಲ, ಆದರೂ ಮುಖ್ಯ ವನ್ಯಜೀವಿ ಪರಿಪಾಲಕರ ಅಥವಾ ಅವರು ಅಧಿಕಾರ ಕೊಟ್ಟವರ ಲಿಖಿತ ಆದೇಶವಿಲ್ಲದೆ ಗುಂಡು ಹಾರಿಸುವಂತಿಲ್ಲ. ಒಂದು ಕಾಲಕ್ಕೆ ಕೋವಿಗೆ ಬಲಿಯಾಗುತ್ತಿದ್ದ ಕೃಷ್ಣಮೃಗಗಳು ಇಂದು ನಮ್ಮದೇ ಜಿಲ್ಲೆಯ ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಮೀಸಲಿನಲ್ಲಿ ಹಿಂಡುಹಿಂಡಾಗಿ ಓಡಾಡುತ್ತಿವೆ.

● ಇಷ್ಟಾದ ಮೇಲೂ ನಳಿಗೆ ಬದಲಿಸಲೇಬೇಕಾದರೆ ಲೈಸನ್ಸಿನ ವ್ಯಾಪಾರಿಯ ಮುಂದೆ ಕೂತು ಕೇಳಿ: ಯಾವ ತೋಟಾಕ್ಕೆ ಕೊರೆದದ್ದು? ಎಷ್ಟು ಅಂಗುಲಕ್ಕೊಂದು ಸುತ್ತು? ಪರೀಕ್ಷೆಯ ಮುದ್ರೆ ಎಲ್ಲಿದೆ? ಕೂರಿಸುವವರು ಯಾರು, ಅವರ ಲೈಸನ್ಸ್ ಸಂಖ್ಯೆ ಏನು? ಹಳೆಯ ನಳಿಗೆ ಯಾರ ವಶಕ್ಕೆ ಹೋಗುತ್ತದೆ, ಅದಕ್ಕೆ ರಸೀದಿ ಕೊಡುತ್ತೀರಾ? ಒಂದಕ್ಕಾದರೂ ಉತ್ತರ ತಡವರಿಸಿದರೆ ಎದ್ದು ಬನ್ನಿ.