ಮೂಗು ಕಟ್ಟಿದೆ, ಸರಿ, ಎಷ್ಟು ಕಟ್ಟಿದೆ?

ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದ ಪಟ್ಟಿಯಲ್ಲಿರುವ ಕರ್ನಾಟಕದ ನಾಲ್ಕು ನಗರಗಳಲ್ಲಿ ದಾವಣಗೆರೆಯೂ ಒಂದು. ಹೀಗಾಗಿ ಇಲ್ಲಿನ ಗಾಳಿಯ ದೂಳಿಗೆ ಮೈಕ್ರೋಗ್ರಾಂ ಲೆಕ್ಕವಿದೆ. ಅದೇ ಗಾಳಿಯನ್ನು ಒಳಗೆಳೆಯುವ ಮೂಗಿಗೆ ಮಾತ್ರ ‘ಕಟ್ಟಿದೆ’, ‘ಸ್ವಲ್ಪ ಬಿಟ್ಟಿದೆ’ ಎಂಬ ಬಾಯಿಮಾತಿನ ಲೆಕ್ಕ. ಮಂಡಕ್ಕಿ ಭಟ್ಟಿಯ ಹೊಗೆಯಲ್ಲಿ ದುಡಿಯುವವರಿಗಾಗಲಿ, ಹರಿಹರದ ಕಾರ್ಖಾನೆ ಕೆಲಸಗಾರರಿಗಾಗಲಿ ‘ಮೂಗಿನ ಮೂಳೆ ಸೊಟ್ಟ ಇದೆ, ಆಪರೇಷನ್ ಮಾಡೋಣ’ ಎನ್ನುವ ಮೊದಲು ಆ ಕಟ್ಟಿಗೊಂದು ಅಂಕಿ ಸಿಗಬೇಕು. ಉಸಿರು ಎದುರಿಸುವ ಒಟ್ಟು ರೋಧದಲ್ಲಿ ಹೆಚ್ಚುಕಡಿಮೆ ಅರ್ಧಪಾಲು ಮೂಗಿನದೇ.

19ನೇ ಶತಮಾನದ ಕೊನೆಗೆ ಡಚ್ ವಿಜ್ಞಾನಿ ಜ್ವಾರ್ಡೆಮೇಕರ್ ತಣ್ಣನೆಯ ಕನ್ನಡಿಯನ್ನು ಮೂಗಿನ ಕೆಳಗೆ ಹಿಡಿದು, ಎರಡೂ ಹೊಳ್ಳೆಗಳಿಂದ ಮೂಡುವ ಮಂಜಿನ ಕಲೆಗಳನ್ನು ಹೋಲಿಸಿದ. ಇಂದಿನ ರೈನೋಮಾನೊಮೆಟ್ರಿಯಲ್ಲಿ ಒಂದು ಹೊಳ್ಳೆಗೆ ಕೊಳವೆ ಅಂಟಿಸಿ ಮೂಗಿನ ಹಿಂಬದಿಯ ಒತ್ತಡವನ್ನೂ, ಮುಖಕ್ಕೆ ಮಾಸ್ಕ್ ಹಾಕಿ ಇನ್ನೊಂದರಲ್ಲಿ ಹರಿಯುವ ಗಾಳಿಯನ್ನೂ ಒಟ್ಟಿಗೆ ಅಳೆಯುತ್ತಾರೆ. ಒತ್ತಡವನ್ನು ಹರಿವಿನಿಂದ ಭಾಗಿಸಿದರೆ ರೋಧ. ರೂಢಿಯ ಮಟ್ಟ 150 ಪಾಸ್ಕಲ್: ಆ ಒತ್ತಡಕ್ಕೆ ಸೆಕೆಂಡಿಗೆ 600 ಮಿ.ಲೀ. ಹರಿದರೆ ರೋಧ 0.25, 300 ಮಾತ್ರ ಹರಿದರೆ 0.5. 1989ರಲ್ಲಿ ಹಿಲ್ಬರ್ಗ್ ತಂಡ ತಂದ ಅಕೌಸ್ಟಿಕ್ ರೈನೋಮೆಟ್ರಿ ಶಬ್ದದ ಪ್ರತಿಧ್ವನಿಯಿಂದ ಇಕ್ಕಟ್ಟಾದ ಜಾಗವನ್ನು ತೋರಿಸುತ್ತದೆ. ಆದರೆ ಅದು ಅಳತೆ ಹಿಡಿಯುವುದು ದಾರಿಯ ಅಗಲವನ್ನು, ಗಾಳಿಯ ಓಟವನ್ನಲ್ಲ.

ಬೆಳಿಗ್ಗೆ ಎಡಗಡೆ ಕಟ್ಟಿದ್ದದ್ದು ಮಧ್ಯಾಹ್ನ ಬಲಕ್ಕೆ ಬರುತ್ತದಲ್ಲ, ಅಂಥದ್ದನ್ನು ಅಳೆದೇನು ಫಲ ಎಂಬ ಆಕ್ಷೇಪವಿದೆ. ಹೊಳ್ಳೆಗಳು ಕೆಲವು ಗಂಟೆಗೊಮ್ಮೆ ಪಾಳಿ ಬದಲಿಸುವುದನ್ನು ಜರ್ಮನಿಯ ಕೈಸರ್ 1895ರಲ್ಲೇ ವಿವರಿಸಿದ್ದ. ನಮ್ಮ ಸ್ವರಶಾಸ್ತ್ರದವರು ಅದಕ್ಕೂ ಎಷ್ಟೋ ಮೊದಲೇ ಗಮನಿಸಿದ್ದರು, ಅದರಿಂದ ಶಕುನ ಹೇಳಿದ್ದು ಬೇರೆ ಮಾತು. ಭದ್ರಾ ನಾಲೆಯಲ್ಲಿ ಸರದಿ ಪ್ರಕಾರ ನೀರು ಬಿಟ್ಟಾಗ ಒಂದು ಕವಲು ಒಣಗಿದ್ದರೆ ಇನ್ನೊಂದು ತುಂಬಿರುತ್ತದೆ. ಒಣಗಿದ್ದನ್ನಷ್ಟೇ ನೋಡಿದವನು ನಾಲೆಯೇ ಹೂಳು ತುಂಬಿದೆ ಎಂದಾನು. ಎರಡೂ ಕವಲಿನ ಹರಿವು ಕೂಡಿಸಿದವನಿಗೆ ನಿಜ ತಿಳಿಯುತ್ತದೆ. ಮೂಗಿನಲ್ಲೂ ಎರಡೂ ಬದಿ ಸೇರಿದ ರೋಧ ಅಷ್ಟಾಗಿ ಏರಿಳಿಯುವುದಿಲ್ಲ. ಊತ ಇಳಿಸುವ ಡ್ರಾಪ್ಸ್ ಹಾಕಿ ಮತ್ತೆ ಅಳೆದಾಗ ರೋಧ ಕುಸಿದರೆ ತೊಂದರೆ ಹೆಚ್ಚಾಗಿ ಒಳಪೊರೆಯದು. ಕುಸಿಯದಿದ್ದರೆ ಮೂಳೆ, ಮೃದ್ವಸ್ಥಿಯ ಮೇಲೆ ಅನುಮಾನ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ, ಅಂಕಿಗೂ ರೋಗಿಯ ಅನುಭವಕ್ಕೂ ಎಷ್ಟೋ ಸಲ ತಾಳೆಯಾಗುವುದಿಲ್ಲ ಎಂಬುದು. ನಿಜವೇ. ಕಾರ್ಡಿಫ್‌ನ ರಾನ್ ಎಕಲ್ಸ್ ತೋರಿಸಿದಂತೆ ಮೆಂಥಾಲ್ ಮೂಸಿದವರಿಗೆ ಮೂಗು ಬಿಟ್ಟಂತಾಗುತ್ತದೆ, ರೋಧ ಮಾತ್ರ ಇದ್ದಷ್ಟೇ ಇರುತ್ತದೆ. ಉಸಿರು ಸರಾಗವೆಂದು ಮಿದುಳಿಗೆ ಹೇಳುವುದು ಒಳಪೊರೆಗೆ ತಾಗುವ ತಂಪು. ಹಾಗಿದ್ದಮೇಲೆ ಅಳತೆಯ ಅಗತ್ಯ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ: ರೋಧ ಸಹಜವಾಗಿದ್ದೂ ಕಟ್ಟಿದಂತೆನಿಸುವವರಿಗೆ ಮೂಳೆ ನೇರ ಮಾಡಿದರೆ ಗುಣ ಸಿಗುವ ಭರವಸೆ ಕಡಿಮೆ. ಯಂತ್ರ ಇಲ್ಲದ ಕಡೆ, ರಭಸವಾಗಿ ಎಳೆದ ಉಸಿರಿನ ಗರಿಷ್ಠ ಹರಿವನ್ನು ತೋರಿಸುವ ಅಗ್ಗದ ಮೀಟರೂ ಆದೀತು. ಆಪರೇಷನ್‌ಗೆ ದಿನ ಗೊತ್ತುಮಾಡುವ ಮುಂಚೆ, ಡ್ರಾಪ್ಸ್ ಹಾಕುವ ಮೊದಲೂ ಆಮೇಲೂ ಅಳೆಯಲು ಸಾಧ್ಯವೇ ಎಂದು ವೈದ್ಯರನ್ನು ಕೇಳಿ.