ಟ್ರ್ಯಾಕ್ಟರಿನ ಬ್ಯಾಟರಿ ಇಳಿದಾಗ ಅನುಸರಿಸಬೇಕಾದ ಕ್ರಮ

ಶ್ರೀನಿವಾಸಪುರ ತಾಲ್ಲೂಕಿನ ಯಲ್ದೂರು ಸುತ್ತಮುತ್ತ ಮಾವಿನ ಸುಗ್ಗಿಯ ದಿನಗಳಲ್ಲಿ ರೈತನಿಗೆ ಬಿಡುವೆಂಬುದಿಲ್ಲ. ಕಿತ್ತ ಕಾಯನ್ನು ತೋಪಿನಲ್ಲಿ ಒಂದು ದಿನ ಹೆಚ್ಚಿಗೆ ಇಟ್ಟರೆ ಕಾಯಿ ಬಾಡುತ್ತದೆ, ತೂಕ ಇಳಿಯುತ್ತದೆ, ಮಂಡಿಯಲ್ಲಿ ಕೇಳಿದ ಬೆಲೆ ಸಿಗುವುದಿಲ್ಲ. ಟೊಮ್ಯಾಟೊ ಬೆಳೆದವರ ಪಾಡೂ ಇದೇ. ಇಂತಹ ಹೊತ್ತಿನಲ್ಲಿ, ಕ್ರೇಟುಗಳನ್ನು ತುಂಬಿ ಹೊರಡಲು ಸಿದ್ಧವಾದ ಟ್ರ್ಯಾಕ್ಟರಿನ ಅಥವಾ ಪಿಕಪ್ ವಾಹನದ ಕೀಲಿ ತಿರುಗಿಸಿದಾಗ ಬರಿಯ ‘ಟಕ್ ಟಕ್’ ಶಬ್ದ ಮಾತ್ರ ಬಂದು ಎಂಜಿನ್ನು ಅಲುಗದೆ ಹೋಗುವುದುಂಟು. ಆಗ ಪಕ್ಕದ ತೋಟದವರ ಟ್ರ್ಯಾಕ್ಟರನ್ನು ಕರೆಸಿ, ಕೈಗೆ ಸಿಕ್ಕಿದ ತಂತಿಯನ್ನು ಎರಡು ಬ್ಯಾಟರಿಗಳ ನಡುವೆ ಹಿಡಿದು ಸ್ಟಾರ್ಟ್ ಮಾಡಲು ನೋಡುವುದು ಹಳ್ಳಿಗಳಲ್ಲಿ ಸಾಮಾನ್ಯ. ಕೆಲಸ ಚಿಕ್ಕದಾದರೂ ಸರಿಯಾದ ಕ್ರಮ ತಿಳಿಯದೆ ಮಾಡಿದರೆ ಬ್ಯಾಟರಿ ಸಿಡಿದು ಕಣ್ಣು ಹೋಗಬಹುದು. ಟ್ರ್ಯಾಕ್ಟರು ಗೇರಿನಲ್ಲಿದ್ದರೆ ಪ್ರಾಣವೇ ಹೋಗಬಹುದು.

ತೊಂದರೆ ಬ್ಯಾಟರಿಯದೇ?

ಮೊದಲು ಇದನ್ನು ಖಚಿತಪಡಿಸಿಕೊಳ್ಳಬೇಕು. ಮುಂದಿನ ದೀಪಗಳನ್ನು ಹಾಕಿ ಕೀಲಿ ತಿರುಗಿಸಿದಾಗ ದೀಪಗಳು ಮಂಕಾಗಿ ಆರಿಹೋಗುವಂತಾದರೆ ಬ್ಯಾಟರಿಯಲ್ಲಿ ಶಕ್ತಿ ಇಲ್ಲ, ಅಥವಾ ಅದರ ತುದಿಗಳಲ್ಲಿ ಸಂಪರ್ಕ ಸರಿಯಾಗಿಲ್ಲ ಎಂದು ತಿಳಿಯಬೇಕು. ದೀಪ ಪ್ರಖರವಾಗಿ ಉರಿಯುತ್ತಿದ್ದು ಸೆಲ್ಫ್ ಮಾತ್ರ ತಿರುಗದಿದ್ದರೆ ದೋಷ ಬೇರೆ ಕಡೆ ಇರುತ್ತದೆ. ಹಲವು ಟ್ರ್ಯಾಕ್ಟರುಗಳಲ್ಲಿ ಕ್ಲಚ್ಚು ಪೂರ್ತಿ ಒತ್ತದಿದ್ದರೆ ಅಥವಾ ಗೇರು ನ್ಯೂಟ್ರಲ್ಲಿನಲ್ಲಿ ಇಲ್ಲದಿದ್ದರೆ ಸೆಲ್ಫ್ ತಿರುಗದಂತೆ ತಡೆಯುವ ಸ್ವಿಚ್ಚು ಇರುತ್ತದೆ. ಅದನ್ನು ನೋಡದೆ ಬ್ಯಾಟರಿಯನ್ನು ದೂರಿದರೆ ಪ್ರಯೋಜನವಿಲ್ಲ.

ಬ್ಯಾಟರಿಯ ತುದಿಗಳ ಮೇಲೆ ಬಿಳಿ ಅಥವಾ ಹಸಿರು ಬಣ್ಣದ ಪುಡಿ ಕಟ್ಟಿಕೊಂಡಿದ್ದರೆ, ಎಷ್ಟೋ ಸಲ ಅದೊಂದನ್ನು ತೆಗೆದರೆ ಸಾಕು, ಎಂಜಿನ್ನು ಸ್ಟಾರ್ಟ್ ಆಗುತ್ತದೆ. ಸಂಪರ್ಕದ ತಂತಿಗಳನ್ನು ಬಿಚ್ಚಿ, ಅಡುಗೆ ಸೋಡಾ ಬೆರೆಸಿದ ನೀರಿನಿಂದ ತುದಿಗಳನ್ನು ಉಜ್ಜಿ ಒರೆಸಿ, ಬಿಗಿಯಾಗಿ ಕಟ್ಟಿ, ಮೇಲೆ ತೆಳುವಾಗಿ ಗ್ರೀಸು ಸವರಬೇಕು. ಸೋಡಾ ನೀರು ಮುಚ್ಚಳಗಳ ಮೂಲಕ ಬ್ಯಾಟರಿಯ ಒಳಗೆ ಹೋಗದಂತೆ ನೋಡಿಕೊಳ್ಳಬೇಕು. ತಂತಿ ಬಿಚ್ಚುವಾಗ ಯಾವಾಗಲೂ ಚಾಸಿಗೆ ಸೇರಿದ ತುದಿಯನ್ನು ಮೊದಲು ಬಿಚ್ಚಿ, ಕಟ್ಟುವಾಗ ಅದನ್ನು ಕೊನೆಯಲ್ಲಿ ಕಟ್ಟತಕ್ಕದ್ದು. ಹೀಗೆ ಮಾಡಿದರೆ ಸ್ಪ್ಯಾನರು ಕಬ್ಬಿಣಕ್ಕೆ ತಗುಲಿದರೂ ಕಿಡಿ ಹಾರುವುದಿಲ್ಲ.

ಅಪಾಯ ಎಲ್ಲಿದೆ?

ಸೀಸ ಮತ್ತು ಗಂಧಕಾಮ್ಲದಿಂದ ಕೆಲಸ ಮಾಡುವ ಈ ಬ್ಯಾಟರಿಯನ್ನು ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ 1859ರಲ್ಲಿ ರೂಪಿಸಿದನು. ಇಂದಿಗೂ ಟ್ರ್ಯಾಕ್ಟರಿನಲ್ಲಿರುವುದು ಮೂಲತಃ ಅದೇ. 12 ವೋಲ್ಟಿನ ಬ್ಯಾಟರಿಯಲ್ಲಿ 6 ಕೋಶಗಳಿದ್ದು ಪ್ರತಿಯೊಂದೂ ಸುಮಾರು 2 ವೋಲ್ಟು ಕೊಡುತ್ತದೆ. ಚೆನ್ನಾಗಿ ಚಾರ್ಜು ಆದ ಬ್ಯಾಟರಿ ವಿಶ್ರಾಂತಿಯಲ್ಲಿರುವಾಗ ಸುಮಾರು 12.6 ವೋಲ್ಟು ತೋರಿಸುತ್ತದೆ, 12.2ಕ್ಕೆ ಬಂದರೆ ಅರ್ಧ ಇಳಿದಿದೆ ಎಂದರ್ಥ, 11.9ಕ್ಕಿಂತ ಕೆಳಗಾದರೆ ಅದು ಬರಿದಾದಂತೆಯೇ.

ಚಾರ್ಜು ಆಗುವಾಗ ಬ್ಯಾಟರಿಯಲ್ಲಿರುವ ನೀರು ಸ್ವಲ್ಪ ಸ್ವಲ್ಪವಾಗಿ ಒಡೆದು ಜಲಜನಕ ಮತ್ತು ಆಮ್ಲಜನಕಗಳಾಗಿ ಹೊರಬರುತ್ತದೆ. ಗಾಳಿಯಲ್ಲಿ ಜಲಜನಕವು ಶೇಕಡ 4ರಷ್ಟು ಸೇರಿದರೆ ಸಾಕು, ಒಂದು ಕಿಡಿಗೆ ಹೊತ್ತಿಕೊಳ್ಳುತ್ತದೆ. ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಹಗುರವಾದುದರಿಂದ ಬಾನೆಟ್ಟಿನ ಅಡಿಯಲ್ಲಿ, ಬ್ಯಾಟರಿ ಪೆಟ್ಟಿಗೆಯ ಮುಚ್ಚಳದ ಕೆಳಗೆ ಕೂಡಿಕೊಂಡಿರುತ್ತದೆ. ತಂತಿ ಜೋಡಿಸುವಾಗ ಕೊನೆಯ ತುದಿ ತಗುಲಿದ ಕ್ಷಣದಲ್ಲೇ ಸುತ್ತು ಪೂರ್ತಿಯಾಗಿ ಕಿಡಿ ಏಳುತ್ತದೆ. ಆ ಕಿಡಿ ಬ್ಯಾಟರಿಯ ಬಳಿಯಲ್ಲಿ ಏಳದಂತೆ ನೋಡಿಕೊಳ್ಳುವುದೇ ಕೆಳಗೆ ಹೇಳಿರುವ ಕ್ರಮದ ಗುಟ್ಟು. ಬೀಡಿ, ಸಿಗರೇಟು ಸೇದುತ್ತಾ, ಅಥವಾ ಕತ್ತಲೆಯಲ್ಲಿ ಬೆಂಕಿಕಡ್ಡಿ ಗೀರಿ ಬ್ಯಾಟರಿಯ ನೀರಿನ ಮಟ್ಟ ನೋಡುವುದಂತೂ ಸರ್ವಥಾ ಕೂಡದು.

ಜೋಡಿಸುವ ಮೊದಲು

ಎರಡೂ ಬ್ಯಾಟರಿಗಳು 12 ವೋಲ್ಟಿನವೇ ಆಗಿರಬೇಕು. ಹಲವು ಲಾರಿ ಬಸ್ಸುಗಳಲ್ಲಿ ಎರಡು ಬ್ಯಾಟರಿಗಳನ್ನು ಸಾಲಾಗಿ ಜೋಡಿಸಿ 24 ವೋಲ್ಟು ಪಡೆದಿರುತ್ತಾರೆ. ಅವುಗಳಿಂದ ಟ್ರ್ಯಾಕ್ಟರಿಗೆ ಜೋಡಿಸಬಾರದು. ಮೋಟಾರ್ ಸೈಕಲ್ಲಿನದೂ 12 ವೋಲ್ಟೇ ಆದರೂ ಅದರ ಸಾಮರ್ಥ್ಯ ತೀರ ಕಡಿಮೆ, ಡೀಸೆಲ್ ಎಂಜಿನ್ನನ್ನು ಅದು ತಿರುಗಿಸಲಾರದು. ವೆಲ್ಡಿಂಗ್ ಮೆಷಿನ್ನಿನಿಂದ ಸ್ಟಾರ್ಟ್ ಮಾಡಿಕೊಡುತ್ತೇವೆ ಎನ್ನುವವರೂ ಇದ್ದಾರೆ. ಅದರ ವೋಲ್ಟು 12ಕ್ಕಿಂತ ಬಹಳ ಹೆಚ್ಚು. ಬ್ಯಾಟರಿ ಸಿಡಿಯಲು, ಮೀಟರುಗಳು ಸುಡಲು ಅದಕ್ಕಿಂತ ಸುಲಭದ ದಾರಿ ಇಲ್ಲ.

ಬರಿದಾದ ಬ್ಯಾಟರಿಯ ಹೊರ ಪೆಟ್ಟಿಗೆ ಬಿರುಕು ಬಿಟ್ಟಿದ್ದರೆ, ಉಬ್ಬಿದ್ದರೆ, ಇಲ್ಲವೇ ನೀರು ಪೂರ್ತಿ ಆರಿ ಪ್ಲೇಟುಗಳು ಕಾಣುತ್ತಿದ್ದರೆ ಜೋಡಿಸುವ ಯೋಚನೆಯನ್ನೇ ಬಿಡಬೇಕು.

ತಂತಿಯ ವಿಷಯದಲ್ಲಿ ಮಿತವ್ಯಯ ಸಲ್ಲದು. ಡೀಸೆಲ್ ಎಂಜಿನ್ನನ್ನು ತಿರುಗಿಸುವಾಗ ಸೆಲ್ಫ್ ಮೋಟಾರು ನೂರಾರು ಆಂಪಿಯರ್ ವಿದ್ಯುತ್ತನ್ನು ಎಳೆಯುತ್ತದೆ. ಮನೆಯ ವೈರಿಂಗಿಗೆ ಬಳಸುವ ಅಥವಾ ಪಂಪ್‌ಸೆಟ್ಟಿನಿಂದ ಉಳಿದ ತಂತಿ ಇಷ್ಟನ್ನು ತಾಳದೆ ಕಾದು, ಹೊದಿಕೆ ಕರಗಿ, ಹಿಡಿದವರ ಕೈ ಸುಡುತ್ತದೆ. ಟ್ರ್ಯಾಕ್ಟರಿಗೆ ಕನಿಷ್ಠ 25 ಚದರ ಮಿಲಿಮೀಟರು ದಪ್ಪದ ತಾಮ್ರದ ಕೇಬಲ್ಲು, ಎರಡೂ ತುದಿಗಳಲ್ಲಿ ಬಲವಾದ ಕ್ಲಿಪ್ಪುಗಳಿರುವುದು ಬೇಕು. ಒಂದು ಕೆಂಪು, ಒಂದು ಕಪ್ಪು. ನಾಲ್ಕಾರು ಮನೆಯವರು ಸೇರಿ ಒಂದು ಜೊತೆ ಕೊಂಡು ಊರಿನಲ್ಲಿ ಇಟ್ಟುಕೊಂಡರೂ ಆದೀತು.

ಎರಡೂ ವಾಹನಗಳನ್ನು ಒಂದಕ್ಕೊಂದು ತಾಗದಂತೆ ಹತ್ತಿರ ನಿಲ್ಲಿಸಿ, ಗೇರುಗಳನ್ನು ನ್ಯೂಟ್ರಲ್ಲಿಗೆ ತಂದು, ಹ್ಯಾಂಡ್ ಬ್ರೇಕು ಹಾಕಬೇಕು. ಟ್ರ್ಯಾಕ್ಟರಿನ ಪಿ.ಟಿ.ಓ. ಬಿಡಿಸಿ, ನೇಗಿಲು ಕಲ್ಟಿವೇಟರುಗಳನ್ನು ನೆಲಕ್ಕೆ ಇಳಿಸಬೇಕು. ದೀಪ, ಟೇಪು, ಫ್ಯಾನುಗಳನ್ನು ಆರಿಸಿ ಕೀಲಿಗಳನ್ನು ತೆಗೆಯಬೇಕು. ಕೈಯಲ್ಲಿರುವ ಉಂಗುರ, ಕಡಗ, ಲೋಹದ ಪಟ್ಟಿಯ ಗಡಿಯಾರ ತೆಗೆದಿಡುವುದು ಒಳ್ಳೆಯದು. ಕಣ್ಣಿಗೆ ಕನ್ನಡಕವಿದ್ದರೆ ಇನ್ನೂ ಒಳ್ಳೆಯದು.

ಜೋಡಿಸುವ ಕ್ರಮ

ಬ್ಯಾಟರಿಯ ಮೇಲೆ ಧನ ತುದಿಗೆ + ಗುರುತೂ ಋಣ ತುದಿಗೆ − ಗುರುತೂ ಇರುತ್ತದೆ. ಗುರುತು ಅಳಿಸಿದ್ದರೆ ದಪ್ಪನೆಯ ಕಂಬವೇ ಧನ ತುದಿ. ಬಣ್ಣವನ್ನು ಮಾತ್ರ ನಂಬಬಾರದು, ರಿಪೇರಿ ಮಾಡುವಾಗ ಯಾರೋ ಯಾವುದೋ ಬಣ್ಣದ ತಂತಿ ಹಾಕಿರಬಹುದು. ಈಗಿನ ವಾಹನಗಳಲ್ಲಿ ಋಣ ತುದಿಯನ್ನು ಚಾಸಿಗೆ ಸೇರಿಸಿರುತ್ತಾರೆ. ಬಹಳ ಹಳೆಯ ಕೆಲವು ಟ್ರ್ಯಾಕ್ಟರುಗಳಲ್ಲಿ ಧನ ತುದಿಯೇ ಚಾಸಿಗೆ ಸೇರಿರುವುದುಂಟು. ಅಂತಹವುಗಳಿಗೆ ಈ ಕ್ರಮ ಅನ್ವಯಿಸುವುದಿಲ್ಲ, ಮೆಕ್ಯಾನಿಕ್ಕನ್ನೇ ಕರೆಯಬೇಕು.

ಕೆಂಪು ಕೇಬಲ್ಲಿನ ಒಂದು ತುದಿಯನ್ನು ಮೊದಲು ಬರಿದಾದ ಬ್ಯಾಟರಿಯ ಧನ ತುದಿಗೆ, ಅನಂತರ ಇನ್ನೊಂದನ್ನು ಒಳ್ಳೆಯ ಬ್ಯಾಟರಿಯ ಧನ ತುದಿಗೆ ಸಿಕ್ಕಿಸಬೇಕು. ಬಳಿಕ ಕಪ್ಪು ಕೇಬಲ್ಲಿನ ಒಂದು ತುದಿಯನ್ನು ಒಳ್ಳೆಯ ಬ್ಯಾಟರಿಯ ಋಣ ತುದಿಗೆ ಹಾಕಬೇಕು. ನಾಲ್ಕನೆಯ ತುದಿಯಲ್ಲೇ ಹೆಚ್ಚಿನವರು ತಪ್ಪುವುದು. ಅದನ್ನು ಬರಿದಾದ ಬ್ಯಾಟರಿಗೆ ಹಾಕದೆ, ಅದೇ ವಾಹನದ ಎಂಜಿನ್ನಿನ ಮೇಲೆ ಬಣ್ಣ ಮತ್ತು ಗ್ರೀಸು ಇಲ್ಲದ ದಪ್ಪ ಬೋಲ್ಟಿಗೆ, ಬ್ಯಾಟರಿಯಿಂದಲೂ ಡೀಸೆಲ್ ಕೊಳವೆಗಳಿಂದಲೂ ಒಂದೆರಡು ಅಡಿ ದೂರದಲ್ಲಿ ಕಚ್ಚಿಸಬೇಕು. ಕಿಡಿ ಎದ್ದರೂ ಅಲ್ಲಿ ಏಳುತ್ತದೆ, ಅನಿಲವಿರುವಲ್ಲಿ ಅಲ್ಲ. ಕೇಬಲ್ಲುಗಳು ಫ್ಯಾನು, ಬೆಲ್ಟುಗಳಿಗೆ ಸಿಕ್ಕದಂತೆ ಬದಿಗೆ ಸರಿಸಬೇಕು.

ಈಗ ಒಳ್ಳೆಯ ವಾಹನವನ್ನು ಸ್ಟಾರ್ಟ್ ಮಾಡಿ, ಸಾಮಾನ್ಯಕ್ಕಿಂತ ತುಸು ಹೆಚ್ಚು ವೇಗದಲ್ಲಿ 5 ನಿಮಿಷ ಓಡಿಸಬೇಕು. ಇದರಿಂದ ಬರಿದಾದ ಬ್ಯಾಟರಿಗೆ ಒಂದಿಷ್ಟು ಜೀವ ಬರುತ್ತದೆ. ಆಮೇಲೆ ನಿಂತುಹೋದ ವಾಹನದ ಸೀಟಿನಲ್ಲಿ ಕುಳಿತು, ಕ್ಲಚ್ಚು ಒತ್ತಿ ಕೀಲಿ ತಿರುಗಿಸಬೇಕು. ಒಂದು ಸಲಕ್ಕೆ 10 ಸೆಕೆಂಡಿಗಿಂತ ಹೆಚ್ಚು ಕಾಲ ಸೆಲ್ಫ್ ಹೊಡೆಯಬಾರದು. ನಡುವೆ ಒಂದೆರಡು ನಿಮಿಷ ಬಿಡಬೇಕು. ಮೂರು ನಾಲ್ಕು ಸಲಕ್ಕೂ ಆಗದಿದ್ದರೆ ತೊಂದರೆ ಬೇರೆಯದೇ ಇದೆ.

ಎಂಜಿನ್ನು ಹೊತ್ತಿಕೊಂಡ ಮೇಲೆ ಎರಡು ಮೂರು ನಿಮಿಷ ಬಿಟ್ಟು, ಕೇಬಲ್ಲುಗಳನ್ನು ಹಾಕಿದ್ದಕ್ಕೆ ತಿರುವುಮುರುವಾಗಿ ತೆಗೆಯಬೇಕು: ಮೊದಲು ಬೋಲ್ಟಿಗೆ ಕಚ್ಚಿಸಿದ ಕಪ್ಪು ತುದಿ, ಕೊನೆಗೆ ಬರಿದಾಗಿದ್ದ ಬ್ಯಾಟರಿಯ ಕೆಂಪು ತುದಿ. ತೆಗೆಯುವಾಗ ಕ್ಲಿಪ್ಪುಗಳು ಒಂದಕ್ಕೊಂದು ತಗುಲಬಾರದು. ಎಂಜಿನ್ನು ಓಡುತ್ತಿರುವಾಗ ಟ್ರ್ಯಾಕ್ಟರಿನ ಸ್ವಂತ ಬ್ಯಾಟರಿಯ ತಂತಿಯನ್ನು ಬಿಚ್ಚಿ ‘ಡೈನಮೋ ಚಾರ್ಜು ಮಾಡುತ್ತದೆಯೇ’ ಎಂದು ಪರೀಕ್ಷಿಸುವ ಹಳೆಯ ರೂಢಿಯನ್ನು ಬಿಡಬೇಕು. ಈಗಿನ ಆಲ್ಟರ್ನೇಟರುಗಳು ಇದರಿಂದ ಕೆಡುತ್ತವೆ. ಕಂಪ್ಯೂಟರು ಅಳವಡಿಸಿದ ಹೊಸ ಟ್ರ್ಯಾಕ್ಟರು, ಪಿಕಪ್ಪುಗಳಲ್ಲಿ ಜೋಡಿಸುವ ಮುನ್ನ ಕಂಪನಿ ಕೊಟ್ಟ ಕೈಪಿಡಿಯನ್ನು ನೋಡುವುದು ಅಗತ್ಯ.

ಸ್ಕ್ರೂಡ್ರೈವರಿನಿಂದ ಸ್ಟಾರ್ಟ್ ಮಾಡುವುದು

ಕೀಲಿಯಿಂದ ಆಗದಿದ್ದಾಗ ಕೆಳಗೆ ನಿಂತು ಸೆಲ್ಫ್ ಮೋಟಾರಿನ ಎರಡು ತುದಿಗಳಿಗೆ ಸ್ಕ್ರೂಡ್ರೈವರು ಅಡ್ಡ ಹಿಡಿದು ಎಂಜಿನ್ನು ಹೊತ್ತಿಸುವವರನ್ನು ಎಲ್ಲ ಊರುಗಳಲ್ಲೂ ಕಾಣಬಹುದು, ಅದನ್ನು ಜಾಣತನವೆಂದೂ ಎಣಿಸುತ್ತಾರೆ. ಹೀಗೆ ಮಾಡಿದಾಗ ಕ್ಲಚ್ಚಿನ ಹಾಗೂ ಗೇರಿನ ರಕ್ಷಣೆಯ ಸ್ವಿಚ್ಚು ಕೆಲಸ ಮಾಡುವುದಿಲ್ಲ. ಗೇರು ಬಿದ್ದಿದ್ದರೆ ಎಂಜಿನ್ನು ಹೊತ್ತಿದೊಡನೆ ಟ್ರ್ಯಾಕ್ಟರು ಹೊರಡುತ್ತದೆ. ಮಾಡುವವನು ನಿಂತಿರುವುದು ಹಿಂದಿನ ದೊಡ್ಡ ಚಕ್ರದ ಮುಂದೆಯೇ, ತಪ್ಪಿಸಿಕೊಳ್ಳಲು ಸಮಯವಿರುವುದಿಲ್ಲ. ಹಲವು ದೇಶಗಳಲ್ಲಿ ಟ್ರ್ಯಾಕ್ಟರಿನಡಿ ಸಿಕ್ಕಿ ರೈತರು ಸತ್ತ ಪ್ರಕರಣಗಳಲ್ಲಿ ಇದು ಪದೇ ಪದೇ ಕಂಡುಬಂದ ಕಾರಣ. ಮಂಡಿಗೆ ಒಂದು ದಿನ ತಡವಾದರೆ ಆಗುವ ನಷ್ಟವನ್ನು ಮುಂದಿನ ಕೊಯ್ಲಿನಲ್ಲಿ ತುಂಬಿಕೊಳ್ಳಬಹುದು. ಈ ಒಂದು ರೂಢಿಯನ್ನು ಮನೆಯ ಹುಡುಗರಿಗೂ ಡ್ರೈವರಿಗೂ ಕಡ್ಡಾಯವಾಗಿ ನಿಷೇಧಿಸಬೇಕು.

ಆಸಿಡ್ಡು ಸಿಡಿದರೆ

ತಡಮಾಡದೆ ಧಾರಾಳವಾಗಿ ಶುದ್ಧ ನೀರು ಹಾಕಿ ತೊಳೆಯಬೇಕು. ಕಣ್ಣಿಗೆ ಬಿದ್ದರೆ ರೆಪ್ಪೆ ಬಿಡಿಸಿ ಹಿಡಿದು ಕನಿಷ್ಠ 15 ನಿಮಿಷ ನೀರು ಹರಿಸಿ, ನೇರವಾಗಿ ಆಸ್ಪತ್ರೆಗೆ ಹೋಗಬೇಕು. ಕಣ್ಣನ್ನು ಉಜ್ಜುವುದು, ಸೋಡಾ ನೀರು, ಹಾಲು, ಎಣ್ಣೆ ಬಿಡುವುದು ಕೂಡದು. ಆದುದರಿಂದ ಕೆಲಸ ಶುರುಮಾಡುವ ಮೊದಲೇ ಒಂದು ಬಿಂದಿಗೆ ನೀರು ಪಕ್ಕದಲ್ಲಿರಬೇಕು.

ಮತ್ತೆ ಇಳಿಯದಂತೆ

ಜೋಡಿಸಿ ಸ್ಟಾರ್ಟ್ ಮಾಡಿದ ಮಾತ್ರಕ್ಕೆ ಬ್ಯಾಟರಿ ತುಂಬಿತೆಂದಲ್ಲ. ತೋಪಿನಿಂದ ಮಂಡಿಗೆ ಹೋಗಿಬರುವ ಹೊತ್ತಿನಲ್ಲಿ ಅದು ಸ್ವಲ್ಪವೇ ಚೇತರಿಸಿಕೊಳ್ಳುತ್ತದೆ. ಬಿಡುವಾದೊಡನೆ ಹೊರಗೆ ತೆಗೆದು ಸಾಮರ್ಥ್ಯದ ಹತ್ತನೆಯ ಒಂದು ಪಾಲು ವಿದ್ಯುತ್ತಿನಲ್ಲಿ, ಅಂದರೆ 75 ಆಂಪಿಯರ್ ಗಂಟೆಯ ಬ್ಯಾಟರಿಯಾದರೆ ಸುಮಾರು 7.5 ಆಂಪಿಯರಿನಲ್ಲಿ, ಹತ್ತು ಹನ್ನೆರಡು ಗಂಟೆ ನಿಧಾನವಾಗಿ ಚಾರ್ಜು ಮಾಡಿಸಬೇಕು. ರಾಗಿ ಕಣ ಮುಗಿದ ಮೇಲೆ ಟ್ರ್ಯಾಕ್ಟರು ವಾರಗಟ್ಟಲೆ ಕೊಟ್ಟಿಗೆಯಲ್ಲಿ ನಿಲ್ಲುವುದಾದರೆ ಋಣ ತುದಿಯ ತಂತಿಯನ್ನು ಬಿಚ್ಚಿಡುವುದು ಮೇಲು. ಆಗಲೂ ಬ್ಯಾಟರಿ ತಾನಾಗಿಯೇ ಮೆಲ್ಲಗೆ ಇಳಿಯುತ್ತದೆ, ಬೇಸಿಗೆಯಲ್ಲಿ ಇನ್ನೂ ಬೇಗ. ತಿಂಗಳಿಗೊಮ್ಮೆ ಚಾರ್ಜು ಮಾಡದೆ ಬಿಟ್ಟರೆ ಪ್ಲೇಟುಗಳ ಮೇಲೆ ಸಲ್ಫೇಟು ಗಟ್ಟಿಯಾಗಿ ಕಟ್ಟಿಕೊಂಡು ಹೊಸ ಬ್ಯಾಟರಿಯೂ ಎರಡು ಬೇಸಿಗೆಗೆ ಮುಗಿಯುತ್ತದೆ.

ನೀರು ತುಂಬುವ ಬಗೆಯ ಬ್ಯಾಟರಿಗಳಲ್ಲಿ ಹದಿನೈದು ದಿನಕ್ಕೊಮ್ಮೆ ಮಟ್ಟ ನೋಡಿ, ಪ್ಲೇಟುಗಳು ಮುಳುಗುವಂತೆ ಡಿಸ್ಟಿಲ್ಡ್ ವಾಟರನ್ನೇ ಹಾಕತಕ್ಕದ್ದು. ಕೋಲಾರ ಜಿಲ್ಲೆಯ ಆಳದ ಕೊಳವೆ ಬಾವಿಗಳ ನೀರಿನಲ್ಲಿ ಲವಣಾಂಶ ಹೆಚ್ಚು, ಹಲವೆಡೆ ಫ್ಲೋರೈಡೂ ಇದೆ. ಈ ನೀರನ್ನು ಬ್ಯಾಟರಿಗೆ ಹಾಕಿದರೆ ಪ್ಲೇಟುಗಳು ಬೇಗ ಹಾಳಾಗುತ್ತವೆ. ಮಟ್ಟ ಇಳಿದಿದೆಯೆಂದು ಆಸಿಡ್ಡು ಸೇರಿಸುವುದೂ ತಪ್ಪು. ಆರಿಹೋಗುವುದು ನೀರು ಮಾತ್ರ.

ಕೆಲಸಕ್ಕೆ ಬಾರದ ಬ್ಯಾಟರಿಯನ್ನು ಒಡೆದು ಸೀಸ ಕರಗಿಸುವವರಿಗೆ ಮಾರುವುದಾಗಲಿ, ಅದರ ಆಸಿಡ್ಡನ್ನು ಹೊಲದ ಬದುವಿನಲ್ಲೋ ಕೆರೆಯಂಗಳದಲ್ಲೋ ಸುರಿಯುವುದಾಗಲಿ ಮಾಡಬಾರದು. ಹಳೆಯದನ್ನು ಸಂಗ್ರಹಿಸುವ ಹೊಣೆಯನ್ನು 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ತಯಾರಕರ ಮೇಲೆ ಹೊರಿಸಿವೆ. ಹೊಸದನ್ನು ಕೊಳ್ಳುವಾಗ ಅಂಗಡಿಗೇ ಹಿಂದಿರುಗಿಸಿದರೆ ಬೆಲೆಯಲ್ಲಿ ಒಂದಿಷ್ಟು ಕಡಿತವೂ ಸಿಗುತ್ತದೆ.