ಕಾಂಬೋಡಿಯಾ: ಖ್ಮೇರ್ ಎಂದರೆ ಯಾರು?

ಕಾಂಬೋಡಿಯಾದ ರಾಷ್ಟ್ರೀಯ ಘೋಷವಾಕ್ಯ ಕನ್ನಡಿಗರನ್ನು ಒಂದು ಕ್ಷಣ ಗೊಂದಲಕ್ಕೆ ಕೆಡವೀತು. ಅದರಲ್ಲಿರುವುದು ಮೂರೇ ಮಾತು: ಜಾತಿ, ಸಾಸನ, ಮಹಾಕ್ಷತ್ರ. ಖ್ಮೇರ್ ಜನರ ನಾಲಿಗೆಯಲ್ಲಿ ಉಚ್ಚಾರಣೆ ಬಹಳಷ್ಟು ಸವೆದಿದ್ದರೂ ಬರಹದಲ್ಲಿ ಇವು ಸಂಸ್ಕೃತ, ಪಾಲಿ ಮೂಲದ ಪದಗಳೇ. ಅರ್ಥ ಮಾತ್ರ ಬೇರೆ. ಅಲ್ಲಿ ಜಾತಿಯೆಂದರೆ ರಾಷ್ಟ್ರ, ಸಾಸನವೆಂದರೆ ಧರ್ಮ, ಮಹಾಕ್ಷತ್ರನೆಂದರೆ ದೊರೆ. ಸ್ವಾತಂತ್ರ್ಯಕ್ಕೆ ಅವರು ಹೇಳುವುದು ‘ಏಕರಾಜ್ಯ’, ಪೌರತ್ವಕ್ಕೆ ‘ಸಂಜಾತಿ’. ರಾಷ್ಟ್ರ, ಪೌರತ್ವ ಎರಡನ್ನೂ ಹುಟ್ಟಿನೊಡನೆ ಬೆಸೆದಿರುವ ಈ ನುಡಿಯಲ್ಲಿ, ಖ್ಮೇರನಾಗಿ ಹುಟ್ಟದವನು ಕಾಂಬೋಡಿಯಾದ ಪ್ರಜೆಯಾಗಬಲ್ಲನೇ ಎಂಬ ಪ್ರಶ್ನೆ ಹಲವರ ಪ್ರಾಣವನ್ನೇ ತೆಗೆದಿದೆ.

2019ರ ಜನಗಣತಿಯಂತೆ ದೇಶದ ಜನಸಂಖ್ಯೆ ಸುಮಾರು 1.55 ಕೋಟಿ. ಅವರಲ್ಲಿ ಶೇ 95ಕ್ಕೂ ಹೆಚ್ಚು ಮಂದಿಯ ಮಾತೃಭಾಷೆ ಖ್ಮೇರ್. ಉಳಿದವರಲ್ಲಿ ಚಾಮ್ ಮುಸ್ಲಿಮರು, ಚೀನೀಯರು, ವಿಯೆಟ್ನಾಮೀಯರು, ಈಶಾನ್ಯದ ಗುಡ್ಡಗಾಡು ಜನ ಇದ್ದಾರೆ. 1993ರ ಸಂವಿಧಾನ ಹಕ್ಕುಗಳನ್ನು ಕೊಡುವಾಗ ‘ಖ್ಮೇರ್ ಪೌರರು’ ಎಂಬ ಮಾತನ್ನೇ ಬಳಸುತ್ತದೆ. ಜನಾಂಗ, ವರ್ಣ, ಭಾಷೆ, ನಂಬಿಕೆಗಳ ಭೇದವಿಲ್ಲದೆ ಕಾನೂನಿನ ಮುಂದೆ ಸಮಾನರಾಗುವವರೂ ಈ ‘ಖ್ಮೇರ್ ಪೌರರೇ’. ಜನಾಂಗದ ಹೆಸರೇ ಪೌರನ ಹೆಸರೂ ಆಗಿರುವುದರಿಂದ, ಅದರ ವ್ಯಾಪ್ತಿ ಎಲ್ಲಿಗೆ ಮುಗಿಯುತ್ತದೆ ಎಂಬುದು ಅಧಿಕಾರದಲ್ಲಿರುವವರ ವ್ಯಾಖ್ಯಾನಕ್ಕೆ ಬಿಟ್ಟ ಸಂಗತಿಯಾಗಿದೆ.

ಇದರ ಬೇರು ಇರುವುದು ಸ್ವಾತಂತ್ರ್ಯ ಹೋರಾಟದಲ್ಲಿ. ಅದಕ್ಕೂ ಹಿಂದಿನ ಒಂದು ಭಯದಲ್ಲಿ. ಪಶ್ಚಿಮಕ್ಕೆ ಸಯಾಂ, ಪೂರ್ವಕ್ಕೆ ವಿಯೆಟ್ನಾಂ ಎಂಬ ಎರಡು ಬಲಿಷ್ಠ ರಾಜ್ಯಗಳ ನಡುವೆ ಸಿಲುಕಿದ್ದ ಅಂಕೋರ್ ವಾರಸುದಾರರ ನಾಡು ಶತಮಾನಗಳ ಕಾಲ ಸವೆಯುತ್ತಲೇ ಬಂದಿತ್ತು. 1830ರ ದಶಕದಲ್ಲಿ ವಿಯೆಟ್ನಾಂ ಚಕ್ರವರ್ತಿ ಮಿನ್ ಮಾಂಗ್ ಅದನ್ನು ತನ್ನ ಆಡಳಿತಕ್ಕೆ ಸೇರಿಸಿಕೊಂಡು ತನ್ನ ರೀತಿನೀತಿಗಳನ್ನು ಹೇರಿದಾಗ ಖ್ಮೇರರು ದಂಗೆಯೆದ್ದಿದ್ದರು. 1863ರಲ್ಲಿ ದೊರೆ ನೊರೊಡೊಮ್ ಫ್ರಾನ್ಸಿನ ರಕ್ಷಣೆಯನ್ನು ಒಪ್ಪಿಕೊಂಡದ್ದಕ್ಕೆ ಈ ಅನುಭವವೂ ಕಾರಣ. ಆದರೆ ರಕ್ಷಕರು ಒಡೆಯರಾಗಲು ಹೆಚ್ಚು ಕಾಲ ಹಿಡಿಯಲಿಲ್ಲ. ಫ್ರೆಂಚರು ಕಚೇರಿಗಳ ಗುಮಾಸ್ತಿಕೆಗೆ ವಿಯೆಟ್ನಾಮೀಯರನ್ನೇ ಕರೆತಂದರು. ವ್ಯಾಪಾರ ಬಹುಪಾಲು ಚೀನೀಯರ ಕೈಯಲ್ಲಿತ್ತು. ಗದ್ದೆ, ವಿಹಾರ ಮತ್ತು ಅರಮನೆ ಖ್ಮೇರರ ಪಾಲಿಗೆ ಉಳಿದವು.

ಕೊಡೆಗಳ ಮೆರವಣಿಗೆ

1936ರಲ್ಲಿ ರಾಜಧಾನಿ ಫ್ನೋಂ ಪೆನ್‌ನಲ್ಲಿ ‘ನಗರವತ್ತ’ ಎಂಬ ಪತ್ರಿಕೆ ಆರಂಭವಾಯಿತು. ಹೆಸರು ಅಂಕೋರ್ ವಾಟ್‌ನದೇ ಪಾಲಿ ರೂಪ. ಪಾಚ್ ಛೋನ್, ಸಿಮ್ ವಾರ್, ಸೋನ್ ನ್ಗೊಕ್ ಥಾನ್ ಅದರ ಹಿಂದಿದ್ದವರು. ಫ್ರೆಂಚರನ್ನು ನೇರವಾಗಿ ಎದುರುಹಾಕಿಕೊಳ್ಳಲಾಗದ ಆ ಪತ್ರಿಕೆ, ಕಚೇರಿಯ ವಿಯೆಟ್ನಾಮೀಯನನ್ನೂ ಅಂಗಡಿಯ ಚೀನೀಯನನ್ನೂ ತೋರಿಸಿ ‘ಖ್ಮೇರರೇ, ಎಚ್ಚರಗೊಳ್ಳಿ’ ಎಂಬ ಧಾಟಿಯಲ್ಲಿ ಬರೆಯುತ್ತಿತ್ತು. ವಿಪರ್ಯಾಸವೆಂದರೆ ಸ್ವತಃ ಥಾನ್ ಹುಟ್ಟಿದ್ದು ಇಂದಿನ ವಿಯೆಟ್ನಾಂನ ದಕ್ಷಿಣ ಭಾಗದಲ್ಲಿ, ಖ್ಮೇರರು ‘ಕಂಪೂಚಿಯಾ ಕ್ರೋಮ್’ ಎಂದು ಕರೆಯುವ ಮೆಕಾಂಗ್ ಮುಖಜಭೂಮಿಯಲ್ಲಿ.

ಕಿಡಿ ಹತ್ತಿದ್ದು 1942ರ ಜುಲೈನಲ್ಲಿ. ಪಾಲಿ ಶಾಲೆಯ ಅಧ್ಯಾಪಕ ಭಿಕ್ಷು ಹೆಮ್ ಚಿಯೂ ಅವರು ಸೈನಿಕರಿಗೆ ರಾಜದ್ರೋಹ ಬೋಧಿಸಿದರೆಂದು ಫ್ರೆಂಚರು ಬಂಧಿಸಿದರು. ಭಿಕ್ಷುವನ್ನು ಬಂಧಿಸುವ ಮುನ್ನ ವಿಧಿಪೂರ್ವಕವಾಗಿ ಕಾಷಾಯ ತ್ಯಜಿಸಲು ಅವಕಾಶ ಕೊಡಬೇಕೆಂಬ ಕನಿಷ್ಠ ಮರ್ಯಾದೆಯನ್ನೂ ಪಾಲಿಸಲಿಲ್ಲ. ಜುಲೈ 20ರಂದು ಸಾವಿರಕ್ಕೂ ಮಿಕ್ಕ ಜನ ಫ್ರೆಂಚ್ ಅಧಿಕಾರಿಯ ಕಚೇರಿಯತ್ತ ನಡೆದರು. ಅವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ಕೊಡೆ ಹಿಡಿದ ಭಿಕ್ಷುಗಳು. ಇತಿಹಾಸದಲ್ಲಿ ಅದು ‘ಕೊಡೆ ಚಳವಳಿ’ ಎಂದೇ ಉಳಿದಿದೆ. ಪಾಚ್ ಛೋನ್ ಸೆರೆಯಾದರು, ಥಾನ್ ಜಪಾನಿಗೆ ಪಾರಾದರು, ಪತ್ರಿಕೆ ಮುಚ್ಚಿತು. ಹೆಮ್ ಚಿಯೂ 1943ರಲ್ಲಿ ಪುಲೊ ಕಂಡೋರ್ ದ್ವೀಪದ ಸೆರೆಮನೆಯಲ್ಲಿ ಅಸುನೀಗಿದರು.

ಅದೇ ವರ್ಷ ಫ್ರೆಂಚರು ಇನ್ನೊಂದು ತಪ್ಪೆಸಗಿದರು. ಖ್ಮೇರ್ ಲಿಪಿಯನ್ನು ಕೈಬಿಟ್ಟು ರೋಮನ್ ಅಕ್ಷರಗಳಲ್ಲಿ ಬರೆಯಬೇಕೆಂದು ಹೊರಟರು. ಓಲೆಗರಿಗಳಲ್ಲಿ ಬುದ್ಧವಚನವನ್ನು ಕಾಪಾಡಿಕೊಂಡು ಬಂದ ಭಿಕ್ಷುಗಳಿಗೆ ಇದು ಧರ್ಮದ ಮೇಲಿನ ಹಲ್ಲೆಯಾಗಿಯೇ ಕಂಡಿತು. 1945ರ ಮಾರ್ಚ್‌ನಲ್ಲಿ ಜಪಾನೀಯರು ಫ್ರೆಂಚ್ ಆಡಳಿತವನ್ನು ಕಿತ್ತೊಗೆದಾಗ ಯುವ ದೊರೆ ನೊರೊಡೊಮ್ ಸಿಹನೂಕ್ ಸ್ವಾತಂತ್ರ್ಯ ಸಾರಿದರು. ರೋಮನ್ ಲಿಪಿಯ ಆಜ್ಞೆಯೂ ರದ್ದಾಯಿತು. ಫ್ರೆಂಚರು ಮರಳಿ ಬಂದದ್ದರಿಂದ ಆ ಸ್ವಾತಂತ್ರ್ಯ ತಿಂಗಳುಗಳಷ್ಟೇ ಬಾಳಿತು. ಕಾಡುಗಳಲ್ಲಿ ಇಸ್ಸರಕ್ ಗೆರಿಲ್ಲಾಗಳು ಹೋರಾಡುತ್ತಿದ್ದಾಗ, 1953ರಲ್ಲಿ ಸಿಹನೂಕ್ ಪ್ಯಾರಿಸ್, ಅಮೆರಿಕ, ಜಪಾನ್ ಸುತ್ತಿ ಫ್ರಾನ್ಸಿನ ಮೇಲೆ ಒತ್ತಡ ತಂದರು. ನವೆಂಬರ್ 9ರಂದು ‘ಏಕರಾಜ್ಯ’ ಕೈಗೂಡಿತು. ಕೀರ್ತಿಯನ್ನೆಲ್ಲ ದೊರೆಯೇ ಬಾಚಿಕೊಂಡರು. ಕೊಡೆ ಹಿಡಿದವರ ಹೆಸರು ಹಿಂದೆ ಸರಿಯಿತು.

ಒಳಗಿನವರು, ಹೊರಗಿನವರು

ಅಲ್ಪಸಂಖ್ಯಾತರನ್ನು ಒಳಗೊಳ್ಳಲು ಸಿಹನೂಕ್ ಒಂದು ಉಪಾಯ ಹೂಡಿದರು. ಚಾಮರು ‘ಖ್ಮೇರ್ ಇಸ್ಲಾಂ’ ಆದರು, ಗುಡ್ಡಗಾಡಿನವರು ‘ಖ್ಮೇರ್ ಲೂ’ ಅಂದರೆ ಮೇಲಿನ ಖ್ಮೇರರಾದರು, ಮೆಕಾಂಗ್ ಮುಖಜಭೂಮಿಯವರು ‘ಖ್ಮೇರ್ ಕ್ರೋಮ್’ ಅಂದರೆ ಕೆಳಗಿನ ಖ್ಮೇರರು. ಉದಾರವಾಗಿ ಕಾಣುವ ಈ ವ್ಯವಸ್ಥೆಯಲ್ಲಿ ಒಳಗೆ ಬರಬೇಕಾದವನು ಮೊದಲು ಹೆಸರಿನಲ್ಲಾದರೂ ಖ್ಮೇರನಾಗಲೇಬೇಕಿತ್ತು. ಚೀನೀಯರಿಗೂ ವಿಯೆಟ್ನಾಮೀಯರಿಗೂ ಇಂಥ ಹೆಸರು ದಕ್ಕಲಿಲ್ಲ.

1970ರ ಮಾರ್ಚ್‌ನಲ್ಲಿ ಸಿಹನೂಕರನ್ನು ಪದಚ್ಯುತಗೊಳಿಸಿದ ಲೋನ್ ನೋಲ್ ಆಡಳಿತದಲ್ಲಿ ಇದರ ಫಲ ಕಂಡಿತು. ವಿಯೆಟ್ನಾಂ ಮೂಲದವರ ಶವಗಳು ಮೆಕಾಂಗ್ ನದಿಯಲ್ಲಿ ತೇಲಿದವು; ಸುಮಾರು 2 ಲಕ್ಷ ಮಂದಿ ದಕ್ಷಿಣ ವಿಯೆಟ್ನಾಂಗೆ ತೆರಳಿದರು. 1975ರಲ್ಲಿ ಬಂದ ಖ್ಮೇರ್ ರೂಜ್ ಉಳಿದವರಲ್ಲಿ ಹೆಚ್ಚಿನವರನ್ನು ಹೊರಗಟ್ಟಿತು, ಆಮೇಲೂ ಉಳಿದವರನ್ನು ಹುಡುಕಿ ಕೊಂದಿತು. ವಿಯೆಟ್ನಾಮೀಯರ ವಿರುದ್ಧದ ನರಮೇಧಕ್ಕಾಗಿ ನುವಾನ್ ಚಿಯಾ ಮತ್ತು ಖಿಯು ಸಂಫಾನ್ ಅವರನ್ನು ವಿಶೇಷ ನ್ಯಾಯಾಲಯ ದೋಷಿಗಳೆಂದು ಘೋಷಿಸಿದ್ದು 2018ರಲ್ಲಿ. ಆದರೆ ಖ್ಮೇರನಾಗಿದ್ದರೆ ಸಾಕು ಎಂಬ ಭರವಸೆಯೂ ಅಲ್ಲಿರಲಿಲ್ಲ. 1978ರಲ್ಲಿ ಪೂರ್ವ ವಲಯದ ಅಸಂಖ್ಯ ಖ್ಮೇರರನ್ನು ‘ಖ್ಮೇರ್ ಒಡಲು, ವಿಯೆಟ್ನಾಂ ತಲೆ’ ಎಂಬ ಹಣೆಪಟ್ಟಿ ಹಚ್ಚಿ ಕೊಲ್ಲಲಾಯಿತು.

ಹೊರಹಾಕಲ್ಪಟ್ಟವರಲ್ಲಿ ಅನೇಕರು 1980ರ ದಶಕದಲ್ಲಿ ಮರಳಿದರು. ಅಜ್ಜನ ಕಾಲದಿಂದ ತೊನ್ಲೆ ಸಾಪ್ ಸರೋವರದಲ್ಲಿ ಮೀನು ಹಿಡಿದವರ ಮಕ್ಕಳು ಈಗ ವಲಸಿಗರ ಲೆಕ್ಕಕ್ಕೆ ಸೇರಿದರು. 1996ರ ಪೌರತ್ವ ಕಾಯ್ದೆ ಅವರಿಗೆ ಒಂದು ಬಾಗಿಲನ್ನೇನೋ ತೆರೆದಿದೆ: ವಿದೇಶಿ ತಂದೆತಾಯಿ ಇಬ್ಬರೂ ಕಾಂಬೋಡಿಯಾದಲ್ಲೇ ಹುಟ್ಟಿ ಕಾನೂನುಬದ್ಧವಾಗಿ ನೆಲೆಸಿದ್ದರೆ, ಅಲ್ಲಿ ಹುಟ್ಟಿದ ಮಗು ಪೌರನಾಗಬಹುದು. ಆದರೆ ಯುದ್ಧ, ಗಡೀಪಾರುಗಳ ನಡುವೆ ಕಾಗದಪತ್ರ ಕಳೆದುಕೊಂಡವರು ಅದನ್ನು ಸಾಬೀತುಪಡಿಸುವುದು ಹೇಗೆ? ಸಂವಿಧಾನದ 44ನೇ ವಿಧಿಯಂತೆ ಖ್ಮೇರ್ ಪೌರತ್ವವಿಲ್ಲದವರು ಭೂಮಿಯ ಒಡೆಯರಾಗುವಂತಿಲ್ಲ. ತೇಲುವ ಮನೆಗಳಲ್ಲಿ ಅವರ ಬದುಕು ನೀರಿನ ಮೇಲೆಯೇ ಉಳಿದುದಕ್ಕೆ ಇದೂ ಒಂದು ಕಾರಣ. 2017ರಲ್ಲಿ ಸರ್ಕಾರ ಸುಮಾರು 70 ಸಾವಿರ ಮಂದಿಯ ದಾಖಲೆಗಳು ಅಕ್ರಮವೆಂದು ಗುರುತಿಸಿ ಹಿಂಪಡೆಯಲು ಮುಂದಾಯಿತು; ಅವರಲ್ಲಿ ಬಹುತೇಕರು ವಿಯೆಟ್ನಾಂ ಮೂಲದವರು. ಇತ್ತ ಗಡಿಯಾಚೆಯ ಖ್ಮೇರ್ ಕ್ರೋಮರನ್ನು ಪೌರರೆಂದೇ ಪರಿಗಣಿಸುವುದಾಗಿ ಸರ್ಕಾರ ಹೇಳುತ್ತ ಬಂದಿದ್ದರೂ, ಅವರು ವಲಸೆ ಬಂದಾಗ ಗುರುತಿನ ಚೀಟಿಗಾಗಿ ಅಲೆಯುವುದು ತಪ್ಪಿಲ್ಲ.

ಈ ತನಕ ಖ್ಮೇರರಾಗಿ ಹುಟ್ಟಿದವರಿಗಾದರೂ ಸಂವಿಧಾನದ 33ನೇ ವಿಧಿಯ ಆಸರೆಯಿತ್ತು. ಖ್ಮೇರ್ ಪೌರನ ಪೌರತ್ವವನ್ನು ಕಸಿಯುವಂತಿಲ್ಲ ಎಂದು ಅದು ಸ್ಪಷ್ಟವಾಗಿ ಹೇಳಿತ್ತು. 2025ರ ಜುಲೈನಲ್ಲಿ ಸಂಸತ್ತು ಆ ವಿಧಿಯನ್ನು ತಿದ್ದಿತು. ಪೌರತ್ವ ಪಡೆಯುವುದು, ಕಳೆದುಕೊಳ್ಳುವುದು, ಹಿಂಪಡೆಯುವುದು ಎಲ್ಲವೂ ಕಾನೂನಿನ ಪ್ರಕಾರ ನಿರ್ಧಾರವಾಗತಕ್ಕದ್ದು ಎಂಬುದು ಹೊಸ ಪಾಠ. ಆಗಸ್ಟ್‌ನಲ್ಲಿ ಆ ಕಾನೂನಿಗೂ ಅಂಗೀಕಾರ ಸಿಕ್ಕಿತು. ವಿದೇಶಿ ಶಕ್ತಿಗಳೊಡನೆ ಕೈಜೋಡಿಸಿ ರಾಷ್ಟ್ರಹಿತಕ್ಕೆ ಧಕ್ಕೆ ತಂದವರ ಪೌರತ್ವವನ್ನು ಅದರಡಿ ರದ್ದುಪಡಿಸಬಹುದು. ಭಿನ್ನಮತೀಯರ ಬಾಯಿ ಮುಚ್ಚಿಸುವ ಅಸ್ತ್ರವಿದು ಎಂದು ಮಾನವ ಹಕ್ಕು ಸಂಘಟನೆಗಳು ಆಕ್ಷೇಪಿಸಿವೆ. ಬೇರೆ ದೇಶಗಳಿಂದ ಬಂದು ಪೌರತ್ವ ಪಡೆದವರಿಗೆ ಹೇಗೋ ಹಾಗೆಯೇ ಖ್ಮೇರರಾಗಿ ಹುಟ್ಟಿದವರಿಗೂ ಈ ಕಾನೂನು ಅನ್ವಯಿಸುತ್ತದೆ.